ಕಟ್ಟಡಗಳ ನಡುವೆ ರೋವರ್: ಮಲ್ಟಿಪಾತ್ ಗುರುತಿಸುವುದು, ತಪ್ಪಿಸುವುದು

ಉಪಗ್ರಹ ಸಿಗ್ನಲ್‌ನಿಂದ ಜಾಗ ಅಳೆಯುವ ರೋವರ್ ಎಂಬ ರಿಸೀವರಿನ ಕಂಟ್ರೋಲರ್‌ನಲ್ಲಿ ‘ಫಿಕ್ಸ್ಡ್’ (ಸೆಂಟಿಮೀಟರ್ ಮಟ್ಟದ ಲೆಕ್ಕ ಕೂಡಿಬಂದಿದೆ) ಎಂದು ಬಂದಿರುತ್ತದೆ, ಪಕ್ಕದಲ್ಲಿ 1.2 ಸೆಂ.ಮೀ. ಎಂಬ ನಿಖರತೆಯೂ ಇರುತ್ತದೆ. ಎರಡು ಗಂಟೆ ಬಿಟ್ಟು ಅದೇ ಮೊಳೆಯ ಮೇಲೆ ಆಂಟೆನಾ ಹೊತ್ತ ಪೋಲ್ ಇಟ್ಟರೆ ಪಾಯಿಂಟ್ 20 ಸೆಂ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಹೊಲದಲ್ಲಿ ಹೀಗಾಗುವುದು ಅಪರೂಪ. ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳ ಬುಡದಲ್ಲಿ, ಚಿಕ್ಕಪೇಟೆಯ ಗಲ್ಲಿಗಳಲ್ಲಿ, ಎಂ.ಜಿ. ರಸ್ತೆಯ ಮೆಟ್ರೊ ಕಂಬಗಳ ಪಕ್ಕದಲ್ಲಿ ಹೀಗಾಗದಿದ್ದರೇ ಅಚ್ಚರಿ.

ಉಪಗ್ರಹದ ಸಿಗ್ನಲ್ ನೇರವಾಗಿ ಬರುವುದರ ಜೊತೆಗೆ ಗೋಡೆ, ಗಾಜು, ನೆಲ, ಕಾರಿನ ಮೇಲ್ಛಾವಣಿಗೆ ಬಡಿದು ತಿರುಗಿಯೂ ಆಂಟೆನಾಕ್ಕೆ ಬರುತ್ತದೆ. ಇದೇ ಮಲ್ಟಿಪಾತ್. ಕಾರ್ಸ್ (ಸದಾ ನಡೆಯುವ ಸ್ಥಿರ ರಿಸೀವರ್‌ಗಳ ಜಾಲ) ತಿದ್ದುಪಡಿ ಬರುತ್ತಿದೆಯಲ್ಲ, ಎಲ್ಲ ಸರಿಯಾಗುತ್ತದೆ ಎಂದು ನಂಬುವವರು ಬಹಳ. ಸರ್ವೆ ಆಫ್ ಇಂಡಿಯಾದ ಕಾರ್ಸ್ ಆಗಲಿ, ಉಪಗ್ರಹದ ಮೂಲಕ ತಿದ್ದುಪಡಿ ಕೊಡುವ ಗಗನ್ ಆಗಲಿ, ನಿಮ್ಮದೇ ಬೇಸ್ (ಗೊತ್ತಿರುವ ಜಾಗದಲ್ಲಿಟ್ಟ ರಿಸೀವರ್) ಆಗಲಿ, ಅಲ್ಲಿಗೂ ಇಲ್ಲಿಗೂ ಸಮಾನವಾಗಿರುವ ತಪ್ಪುಗಳನ್ನಷ್ಟೇ ಕಳೆಯಬಲ್ಲವು: ಉಪಗ್ರಹದ ಗಡಿಯಾರ, ಕಕ್ಷೆ, ಅಯಾನುಗೋಳ. ನಿಮ್ಮ ಎದುರಿನ ಗೋಡೆ ಕಾರ್ಸ್ ಸ್ಟೇಷನ್ನಿನ ಎದುರಿಗಿಲ್ಲ. ಹಾಗಾಗಿ ಮಲ್ಟಿಪಾತ್‌ಗೆ ಮದ್ದು ಇರುವುದು ನೀವು ನಿಂತ ಜಾಗ, ನಿಂತ ಹೊತ್ತು ಮತ್ತು ಆಂಟೆನಾದಲ್ಲಿ ಮಾತ್ರ.

ಎರಡು ಬೇರೆ ಬೇರೆ ತೊಂದರೆ

ಕೆಲಸದ ಜಾಗದಲ್ಲಿ ಎಲ್ಲವನ್ನೂ ಮಲ್ಟಿಪಾತ್ ಎಂದೇ ಕರೆಯುತ್ತಾರೆ. ಆದರೆ ಎರಡನ್ನು ಬೇರ್ಪಡಿಸಿ ನೋಡದಿದ್ದರೆ ಪರಿಹಾರ ಸಿಗುವುದಿಲ್ಲ.

ಮೊದಲನೆಯದು, ನೇರ ಸಿಗ್ನಲ್ಲೂ ಇದೆ, ಪ್ರತಿಫಲಿತವೂ ಇದೆ. ರಿಸೀವರ್ ಎರಡನ್ನೂ ಬೆರೆಸಿ ಅಳೆಯುತ್ತದೆ. ಪ್ರತಿಫಲಿತ ಸಿಗ್ನಲ್ ನೇರದ್ದಕ್ಕಿಂತ ದುರ್ಬಲವಾಗಿರುವವರೆಗೆ ವಾಹಕ ಅಲೆಯ (ಸಿಗ್ನಲ್ ಹೊತ್ತು ತರುವ ರೇಡಿಯೊ ಅಲೆಯ) ಅಳತೆಯಲ್ಲಿ ತಪ್ಪು ಕಾಲು ತರಂಗಾಂತರ ಮೀರುವುದಿಲ್ಲ. ಜಿಪಿಎಸ್‌ನ ಮುಖ್ಯ ಆವರ್ತನ ಎಲ್1ರ ತರಂಗಾಂತರ 19 ಸೆಂ.ಮೀ., ಅಂದರೆ ಒಂದು ಉಪಗ್ರಹಕ್ಕೆ ಹೆಚ್ಚೆಂದರೆ 4.8 ಸೆಂ.ಮೀ. ಆ ಅಲೆ ಹೊತ್ತು ತರುವ ಸಂಕೇತದ ಅಳತೆಯಲ್ಲಿ, ಅಂದರೆ ಕೋಡ್ ಅಳತೆಯಲ್ಲಿ, ಮಾತ್ರ ತಪ್ಪು ಹಲವು ಮೀಟರ್ ಹೋಗುತ್ತದೆ. ಆ ಹಾಳಾದ ಕೋಡ್ ಅಳತೆ ಫಿಕ್ಸ್ ಹುಡುಕುವ ಲೆಕ್ಕವನ್ನು ದಾರಿ ತಪ್ಪಿಸಿದಾಗ ಪೂರ್ಣ ತರಂಗಗಳ ಸಂಖ್ಯೆಯೇ ತಪ್ಪಾಗಿ ಕೂರುತ್ತದೆ. ಮೇಲೆ ಹೇಳಿದ 20 ಸೆಂ.ಮೀ. ಸರಿಯುವಿಕೆ ಹೆಚ್ಚಾಗಿ ಇಂಥ ಸುಳ್ಳು ಫಿಕ್ಸ್.

ಎರಡನೆಯದು, ನೇರ ದಾರಿ ಕಟ್ಟಡದಿಂದ ಮುಚ್ಚಿಹೋಗಿದೆ, ಎದುರು ಗೋಡೆಗೆ ಬಡಿದು ಬಂದ ಸಿಗ್ನಲ್ ಮಾತ್ರ ಸಿಗುತ್ತಿದೆ. ಆಗ ಹೆಚ್ಚುವರಿ ದಾರಿ ಪೂರ್ತಿಯಾಗಿ ತಪ್ಪಾಗುತ್ತದೆ. ಗೋಡೆಗೆ ಲಂಬವಾದ ದಿಕ್ಕಿನಿಂದ ಬರುವ ಸಿಗ್ನಲ್‌ಗೆ ಲೆಕ್ಕ ಸುಲಭ: ಗೋಡೆಯ ದೂರದ ಎರಡು ಪಟ್ಟನ್ನು ಉಪಗ್ರಹದ ಎತ್ತರ ಕೋನದ ಕೊಸೈನ್‌ನಿಂದ ಗುಣಿಸಿ. ಗೋಡೆ 20 ಮೀಟರ್ ದೂರ, ಉಪಗ್ರಹ 30 ಡಿಗ್ರಿ ಎತ್ತರದಲ್ಲಿದ್ದರೆ 34.6 ಮೀಟರ್. ಈ ತಪ್ಪು ಯಾವಾಗಲೂ ದೂರವನ್ನು ಹೆಚ್ಚಿಸುವ ಕಡೆಗೇ ಇರುತ್ತದೆ, ಹಾಗಾಗಿ ಎಷ್ಟು ಹೊತ್ತು ಸರಾಸರಿ ಹಾಕಿದರೂ ಸೊನ್ನೆಯಾಗುವುದಿಲ್ಲ.

ಹೊಸ ಆವರ್ತನ ಎಲ್5 ಇದೆಯಲ್ಲ ಎಂಬ ಮಾತನ್ನು ಇಲ್ಲೇ ಮುಗಿಸೋಣ. ಎಲ್1ರ ಹಳೆಯ ಸಿ/ಎ ಕೋಡಿನ ಒಂದು ಚಿಪ್ (ಕೋಡಿನ ಒಂದು ತುಣುಕು) ಉದ್ದ ಸುಮಾರು 293 ಮೀಟರ್, ಎಲ್5ದು 29.3 ಮೀಟರ್. ಹಾಗಾಗಿ 45 ಮೀಟರ್‌ಗಿಂತ ಹೆಚ್ಚು ಸುತ್ತಿ ಬಂದ ಪ್ರತಿಫಲನ ಎಲ್5 ಕೋಡನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ದೂರದ ಟವರ್‌ಗಳ ಕಾಟಕ್ಕೆ ಇದು ನಿಜವಾಗಿಯೂ ಒಳ್ಳೆಯದು. ಆದರೆ ಐದು ಮೀಟರ್ ಆಚೆಯ ಕಾಂಪೌಂಡ್ ಗೋಡೆ ಕೊಡುವ ಹೆಚ್ಚುವರಿ ದಾರಿ 10 ಮೀಟರ್ ಒಳಗೇ ಇರುತ್ತದೆ, ಅದರಿಂದ ಎಲ್5 ನಿಮ್ಮನ್ನು ಪೂರ್ತಿ ಕಾಪಾಡದು. ನೇರ ಸಿಗ್ನಲ್ಲೇ ಇಲ್ಲದಾಗ ಅದೂ ಎಲ್1ರಷ್ಟೇ ಮೋಸ ಹೋಗುತ್ತದೆ.

ಮೊದಲು ಆಕಾಶ ಅಳೆಯಿರಿ

ಪೋಲ್ ಬಿಚ್ಚುವ ಮೊದಲು ಫೋನಿನ ದಿಕ್ಸೂಚಿ ಮತ್ತು ಕೋನ ಅಳೆಯುವ ಆ್ಯಪ್ ತೆಗೆದು, ಎಂಟು ದಿಕ್ಕಿಗೂ ಕಟ್ಟಡದ ತುದಿ ಎಷ್ಟು ಡಿಗ್ರಿ ಮೇಲಿದೆ ಎಂದು ಬರೆದುಕೊಳ್ಳಿ. ಐದು ನಿಮಿಷದ ಕೆಲಸ. 12 ಮೀಟರ್ ರಸ್ತೆಯ ನಡುವೆ ನಿಂತಿದ್ದೀರಿ, ಎರಡೂ ಬದಿ 20 ಮೀಟರ್ ಎತ್ತರದ ಕಟ್ಟಡ, ಆಂಟೆನಾ 2 ಮೀಟರ್ ಮೇಲೆ ಎಂದುಕೊಳ್ಳಿ. ರಸ್ತೆಗೆ ಅಡ್ಡಲಾಗಿ ಸುಮಾರು 72 ಡಿಗ್ರಿವರೆಗೆ ಆಕಾಶ ಮುಚ್ಚಿದೆ, ಉದ್ದಕ್ಕೆ ಮಾತ್ರ ತೆರೆದಿದೆ. ಇಂಥ ಕಡೆ ತಪ್ಪು ರಸ್ತೆಗೆ ಅಡ್ಡಲಾಗಿಯೇ ಹೆಚ್ಚು ಬರುತ್ತದೆ. ಕ್ಯಾಬ್ ಆ್ಯಪ್‌ನಲ್ಲಿ ನೀವು ಎದುರು ಬದಿಯಲ್ಲೋ ಹಿಂದಿನ ಕ್ರಾಸ್‌ನಲ್ಲೋ ನಿಂತಂತೆ ಕಾಣುವುದು ಇದಕ್ಕೇ. ಸೈಟಿನ ಮುಂಭಾಗದ ಗಡಿ, ರಸ್ತೆ ಅಗಲೀಕರಣದ ಗೆರೆ ಎಲ್ಲ ಇದೇ ಅಡ್ಡ ದಿಕ್ಕಿನಲ್ಲಿ ಬೇಕಾಗುವ ಅಳತೆಗಳು ಎಂಬುದು ಗಮನದಲ್ಲಿರಲಿ.

ನಮ್ಮ ಕಡೆ ಕೆಲಸ ಮಾಡುವವರಿಗೆ ಇನ್ನೊಂದು ಸಂಗತಿ ತಿಳಿದಿರಬೇಕು. ಜಿಪಿಎಸ್ ಕಕ್ಷೆಗಳ ಓರೆ ಸುಮಾರು 55 ಡಿಗ್ರಿ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಲೆಕ್ಕ ಹಾಕಿದರೆ ನೇರ ಉತ್ತರಕ್ಕೆ ಸುಮಾರು 37 ಡಿಗ್ರಿಗಿಂತ ಕೆಳಗೆ ಜಿಪಿಎಸ್ ಉಪಗ್ರಹ ಬರುವುದೇ ಇಲ್ಲ. ಯುರೋಪಿನ ಗೆಲಿಲಿಯೊ ಕೂಡ ಹೀಗೆಯೇ. ರಷ್ಯಾದ ಗ್ಲೋನಾಸ್ ಮಾತ್ರ ಸುಮಾರು 25 ಡಿಗ್ರಿವರೆಗೆ ಇಳಿಯುತ್ತದೆ. ಹಾಗಾಗಿ ಕಟ್ಟಡ ನಿಮ್ಮ ಉತ್ತರಕ್ಕಿದ್ದರೆ ಅದು ಮುಚ್ಚುವ ಉಪಗ್ರಹಗಳು ಕಡಿಮೆ. ದಕ್ಷಿಣದವನ್ನು ಪ್ರತಿಫಲಿಸುತ್ತದೆ ನಿಜ, ಆದರೆ ಆ ಉಪಗ್ರಹಗಳ ನೇರ ಸಿಗ್ನಲ್ ನಿಮಗೆ ಸಿಗುತ್ತಿರುತ್ತದೆ. ಕಟ್ಟಡ ದಕ್ಷಿಣಕ್ಕಿದ್ದರೆ ದಕ್ಷಿಣದ ಆಕಾಶ ಹೋಯಿತು, ಉತ್ತರದಲ್ಲಿ ಕೆಳಗೆ ಮೊದಲೇ ಖಾಲಿ. ಕಂಟ್ರೋಲ್ ಪಾಯಿಂಟ್ (ಉಳಿದ ಅಳತೆಗೆ ಆಧಾರವಾಗುವ ಪಾಯಿಂಟ್) ಎಲ್ಲಿ ಹಾಕಬೇಕು ಎಂಬ ಆಯ್ಕೆ ಕೈಯಲ್ಲಿದ್ದಾಗ ಕಟ್ಟಡದ ದಕ್ಷಿಣ ಬದಿಯನ್ನೇ ಆರಿಸಿ.

ಹತ್ತಿರದ ವಸ್ತುಗಳನ್ನೂ ನೋಡಿಕೊಳ್ಳಿ. ಅಂಗಡಿಗಳ ಎಸಿಪಿ (ಅಲ್ಯುಮಿನಿಯಂ ಹೊದಿಕೆ) ಶೀಟು, ರೋಲಿಂಗ್ ಶಟರ್, ತಗಡಿನ ಚಾವಣಿ, ಸೋಲಾರ್ ಪ್ಯಾನೆಲ್, ಲೋಹದ ಲೇಪವಿರುವ ಗಾಜು, ನಿಲ್ಲಿಸಿದ ಬಸ್ಸು ಇವೆಲ್ಲ ಬಲವಾದ ಪ್ರತಿಫಲಕಗಳು. ತುಂಬಿದ ನೀರಿನ ಟ್ಯಾಂಕ್ ಪ್ಲಾಸ್ಟಿಕ್ಕಿನದಾದರೂ ಒಳಗಿನ ನೀರು ಪ್ರತಿಫಲಿಸುತ್ತದೆ. ಒಣಗಿದ ಇಟ್ಟಿಗೆ ಗೋಡೆ ಇವಕ್ಕಿಂತ ಸೌಮ್ಯ; ಮಳೆಯಲ್ಲಿ ನೆಂದರೆ ಅದೂ ಜೋರಾಗುತ್ತದೆ.

ಸ್ಕ್ರೀನಿನಲ್ಲಿ ಏನು ಓದಬೇಕು

ಫಿಕ್ಸ್ ಎಂಬ ಪದವನ್ನು ಬಿಟ್ಟು ಉಪಗ್ರಹಗಳ ಪಟ್ಟಿ ತೆರೆಯಿರಿ. ಬೇಕಾದ್ದು ಮೂರು ಕಾಲಂ: ದಿಕ್ಕು, ಎತ್ತರ ಕೋನ, ಸಿ/ಎನ್0. ಕೊನೆಯದು ಸಿಗ್ನಲ್ಲಿನ ಬಲ, ಡಿಬಿ-ಹರ್ಟ್ಸ್‌ನಲ್ಲಿ. ತೆರೆದ ಆಕಾಶದಲ್ಲಿ ಸರ್ವೆ ಆಂಟೆನಾದಲ್ಲಿ ಎತ್ತರದ ಉಪಗ್ರಹ 45ರಿಂದ 50ರ ಆಸುಪಾಸು ತೋರಿಸುತ್ತದೆ, ಕೆಳಗಿನದು ಅದಕ್ಕಿಂತ ಕಡಿಮೆ.

ಈಗ ಬರೆದುಕೊಂಡ ಕೋನಗಳನ್ನು ಪಕ್ಕಕ್ಕಿಟ್ಟು ಹೋಲಿಸಿ. ಪಶ್ಚಿಮಕ್ಕೆ ಕಟ್ಟಡ 60 ಡಿಗ್ರಿವರೆಗೆ ಎದ್ದಿದೆ, ಆದರೆ ಪಟ್ಟಿಯಲ್ಲಿ ಒಂದು ಉಪಗ್ರಹ ಪಶ್ಚಿಮಕ್ಕೆ 35 ಡಿಗ್ರಿಯಲ್ಲಿ 31 ಡಿಬಿ-ಹರ್ಟ್ಸ್ ತೋರಿಸುತ್ತಿದೆ ಎಂದರೆ ಅದು ಕಾಂಕ್ರೀಟ್ ತೂರಿ ಬಂದದ್ದಲ್ಲ, ಪೂರ್ವದ ಗೋಡೆಗೆ ಬಡಿದು ಬಂದದ್ದು. ಅದನ್ನು ಹೆಸರು ಹಿಡಿದು ತೆಗೆದುಹಾಕಿ. ಹೆಚ್ಚಿನ ಕಂಟ್ರೋಲರ್‌ಗಳಲ್ಲಿ ಒಂದೊಂದೇ ಉಪಗ್ರಹವನ್ನು ಆಫ್ ಮಾಡುವ ಸೌಲಭ್ಯ ಇರುತ್ತದೆ. 60 ಡಿಗ್ರಿಯ ಉಪಗ್ರಹ ದುರ್ಬಲ, 20 ಡಿಗ್ರಿಯದು ಬಲವಾಗಿ ಎಂದು ಕಂಡರೂ ಅನುಮಾನಿಸಿ. ಪೋಲ್ ಅಲುಗಾಡದೆ ನಿಂತಿರುವಾಗ ಒಂದೇ ಉಪಗ್ರಹದ ಸಿ/ಎನ್0 ಕೆಲವು ನಿಮಿಷಗಳ ಅಂತರದಲ್ಲಿ ಐದಾರು ಡಿಬಿ ಏರಿಳಿಯುತ್ತಿದ್ದರೆ ನೇರ ಮತ್ತು ಪ್ರತಿಫಲಿತ ಅಲೆಗಳು ಒಮ್ಮೆ ಕೂಡುತ್ತಾ ಒಮ್ಮೆ ಕಳೆಯುತ್ತಾ ಇವೆ ಎಂದರ್ಥ.

ಈ ‘ಕೆಲವು ನಿಮಿಷ’ ಎಂಬುದು ಮುಖ್ಯ. ಗೋಡೆ 10 ಮೀಟರ್ ದೂರ, ಉಪಗ್ರಹ 30 ಡಿಗ್ರಿಯಲ್ಲಿದ್ದು ನಿಮಿಷಕ್ಕೆ ಅರ್ಧ ಡಿಗ್ರಿಯಂತೆ ಏರುತ್ತಿದ್ದರೆ ಎಲ್1ರಲ್ಲಿ ತಪ್ಪು ಒಂದು ಸುತ್ತು ಮುಗಿಸಲು ಸುಮಾರು 2 ನಿಮಿಷ ಬೇಕು. 2 ಮೀಟರ್ ಪೋಲಿನ ಕೆಳಗಿನ ನೆಲದ ಪ್ರತಿಫಲನಕ್ಕೆ 6 ನಿಮಿಷ. ಹೀಗಿರುವಾಗ 10 ಸೆಕೆಂಡ್ ಸರಾಸರಿ ಹಾಕಿ ಪಾಯಿಂಟ್ ಸ್ಟೋರ್ ಮಾಡಿದರೆ ತಪ್ಪಿನ ಒಂದು ಚೂರನ್ನು ಹಿಡಿದಿಟ್ಟಂತಾಯಿತು. ಆ ಚೂರಿನೊಳಗೆ ಏರಿಳಿತ ಇಲ್ಲದ್ದರಿಂದಲೇ ಕಂಟ್ರೋಲರ್ 1.2 ಸೆಂ.ಮೀ. ಎಂದು ಧೈರ್ಯವಾಗಿ ತೋರಿಸುವುದು.

ಸೆಟ್ಟಿಂಗ್

ಎತ್ತರ ಕೋನದ ಮಾಸ್ಕ್, ಅಂದರೆ ಅದಕ್ಕಿಂತ ಕೆಳಗಿನ ಉಪಗ್ರಹಗಳನ್ನು ಬಿಡುವ ಮಿತಿ, 15 ಡಿಗ್ರಿ ಇರಲಿ. ನಗರದಲ್ಲಿ ಅದನ್ನು 25, 30 ಎಂದು ಏರಿಸುತ್ತಾ ಹೋಗುವುದರಲ್ಲಿ ಲಾಭವಿಲ್ಲ: ಅಡ್ಡ ದಿಕ್ಕಿನ ಕೆಳ ಉಪಗ್ರಹಗಳನ್ನು ಕಟ್ಟಡಗಳೇ ಮುಚ್ಚಿವೆ, ನೀವು ಕಳೆದುಕೊಳ್ಳುವುದು ರಸ್ತೆಯುದ್ದಕ್ಕೆ ಸ್ವಚ್ಛವಾಗಿ ಕಾಣುವ ಉಪಗ್ರಹಗಳನ್ನು. ಸಿ/ಎನ್0 ಮಾಸ್ಕ್ ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ. 35ರಿಂದ ಶುರು ಮಾಡಿ, ಉಪಗ್ರಹಗಳು ಸಾಲದೆ ಹೋದರೆ 32ಕ್ಕೆ ಇಳಿಸಿ. ಪಿಡಿಒಪಿ (ಉಪಗ್ರಹಗಳ ಹರವು ಎಷ್ಟು ಚೆನ್ನಾಗಿದೆ ಎಂಬ ಸಂಖ್ಯೆ, ಕಡಿಮೆಯಿದ್ದಷ್ಟೂ ಒಳ್ಳೆಯದು) ಮಿತಿ 4. ಸಿಗುವ ಎಲ್ಲ ವ್ಯವಸ್ಥೆಗಳನ್ನೂ ಆನ್ ಮಾಡಿ. ಉಪಗ್ರಹಗಳು ಹೆಚ್ಚಿದ್ದಷ್ಟೂ ಕೆಟ್ಟವನ್ನು ಬಿಡುವ ಸ್ವಾತಂತ್ರ್ಯ ಹೆಚ್ಚು.

ಭೂಸ್ಥಿರ ಉಪಗ್ರಹಗಳ ಬಗ್ಗೆ ಮಾತ್ರ ಎಚ್ಚರ. ಚೀನಾದ ಬೈಡೌನ ಸಿ01ರಿಂದ ಸಿ05, ಭಾರತದ ನಾವಿಕ್‌ನ ಭೂಸ್ಥಿರ ಉಪಗ್ರಹಗಳು ಆಕಾಶದಲ್ಲಿ ಹೆಚ್ಚುಕಡಿಮೆ ಒಂದೇ ಕಡೆ ನಿಂತಿರುತ್ತವೆ. ಉಪಗ್ರಹ ಸರಿಯದಿದ್ದರೆ ಪ್ರತಿಫಲನದ ದಾರಿಯೂ ಬದಲಾಗದು, ತಪ್ಪು ಗಂಟೆಗಟ್ಟಲೆ ಅಷ್ಟೇ ಇರುತ್ತದೆ. ಗೋಡೆಯ ಹತ್ತಿರ ಸ್ಟ್ಯಾಟಿಕ್ (ಒಂದೇ ಕಡೆ ಬಹಳ ಹೊತ್ತು ನಿಲ್ಲಿಸಿ ಮಾಡುವ) ಅಳತೆ ಮಾಡುವಾಗ ಇವನ್ನು ಬಿಟ್ಟು ಒಮ್ಮೆ ಲೆಕ್ಕ ಹಾಕಿ ನೋಡಿ.

ಆರ್‌ಟಿಕೆಲಿಬ್ ತಂತ್ರಾಂಶ ಬಳಸುವವರು ಫಿಕ್ಸ್ ವಿಧಾನದಲ್ಲಿ ‘ಫಿಕ್ಸ್ ಆ್ಯಂಡ್ ಹೋಲ್ಡ್’ ಬದಲು ‘ಕಂಟಿನ್ಯೂಯಸ್’ ಇಟ್ಟುಕೊಳ್ಳಿ. ಮೊದಲನೆಯದು ಒಮ್ಮೆ ಸಿಕ್ಕ ಫಿಕ್ಸನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಸುಳ್ಳು ಫಿಕ್ಸಾದರೂ ಸರಿ. ಬಯಲಲ್ಲಿ ಅನುಕೂಲ, ಗಲ್ಲಿಯಲ್ಲಿ ಅಪಾಯ.

ಪಾಯಿಂಟ್ ತೆಗೆಯುವ ಕ್ರಮ

ಪೋಲ್ 2 ಮೀಟರ್‌ಗೆ ಎತ್ತಿ, ಆಂಟೆನಾ ನಿಮ್ಮ ತಲೆಗಿಂತ ಮೇಲಿರಲಿ, ಬೈಪಾಡ್ ಹಾಕಿ ಎರಡು ಹೆಜ್ಜೆ ಹಿಂದೆ ಸರಿಯಿರಿ. ಪೋಲಿಗೆ ಅಂಟಿ ನಿಂತ ಮೈಯೂ ಸಿಗ್ನಲ್ ತಡೆಯುತ್ತದೆ. ಫಿಕ್ಸ್ ಬಂದ ಮೇಲೆ ಒಂದು ನಿಮಿಷ ಕಾದು, 1 ಸೆಕೆಂಡ್ ಅಂತರದಲ್ಲಿ ಕನಿಷ್ಠ 180 ಅಳತೆ ತೆಗೆದುಕೊಳ್ಳಿ.

ಆಮೇಲೆ ಫಿಕ್ಸ್ ಕೆಡವಿ. ಕಂಟ್ರೋಲರ್‌ನಲ್ಲಿ ರೀ-ಇನಿಶಿಯಲೈಸ್ ಕೊಡಿ. ಆಂಟೆನಾವನ್ನು ತಲೆಕೆಳಗು ಮಾಡಿದರೂ ಆದೀತು. ಹೊಸ ಫಿಕ್ಸ್‌ನಲ್ಲಿ ಅದೇ ಪಾಯಿಂಟ್ ಮತ್ತೆ ತೆಗೆಯಿರಿ. ಎರಡರ ನಡುವೆ ಅಡ್ಡಕ್ಕೆ 2, ಎತ್ತರದಲ್ಲಿ 4 ಸೆಂ.ಮೀ. ಮೀರಿದ ವ್ಯತ್ಯಾಸ ಬಂದರೆ ಎರಡನ್ನೂ ನಂಬಬೇಡಿ.

ಗೋಡೆಯ ಹತ್ತಿರ ಇನ್ನೊಂದು ಪರೀಕ್ಷೆ ಚೆನ್ನಾಗಿ ಕೆಲಸ ಮಾಡುತ್ತದೆ. ಮೊಳೆಯಿಂದ ಗೋಡೆಗೆ ಲಂಬವಾಗಿ ಸ್ಟೀಲ್ ಟೇಪಿನಲ್ಲಿ ಸರಿಯಾಗಿ 30 ಸೆಂ.ಮೀ. ಗುರುತು ಹಾಕಿ, ಅಲ್ಲೂ ಪೋಲ್ ಇಟ್ಟು ಅಳೆಯಿರಿ. ಗೋಡೆಯಿಂದ ಬರೀ ಐದಾರು ಸೆಂ.ಮೀ. ಸರಿದರೂ ಪ್ರತಿಫಲಿತ ಅಲೆಯ ಹಂತ ಅರ್ಧ ಸುತ್ತು ಬದಲಾಗಬಹುದು, ಹಾಗಾಗಿ ಎರಡೂ ಜಾಗದಲ್ಲಿ ಒಂದೇ ತಪ್ಪು ಬರುವ ಸಂಭವ ಕಡಿಮೆ. ಎರಡು ಪಾಯಿಂಟ್‌ಗಳ ಅಂತರ 30ರ ಬದಲು 33 ಎಂದು ಬಂದರೆ ಮಲ್ಟಿಪಾತ್ ಎಷ್ಟಿದೆ ಎಂಬುದಕ್ಕೆ ಅಲ್ಲೇ ಒಂದು ಅಂದಾಜು ಸಿಕ್ಕಿತು.

ಎರಡನೇ ಸುತ್ತಿನ ಅಳತೆಯನ್ನು ಬೇರೆ ಹೊತ್ತಿನಲ್ಲೇ ಮಾಡಬೇಕು. ಅರ್ಧ ಗಂಟೆ ತೀರಾ ಕನಿಷ್ಠ, ಎರಡು ಗಂಟೆಯಾದರೆ ನೆಮ್ಮದಿ. ನಾಳೆ ಬಂದು ನೋಡೋಣ ಎನ್ನುವವರು ಒಂದು ಬಲೆಯಲ್ಲಿ ಬೀಳುತ್ತಾರೆ: ಜಿಪಿಎಸ್ ಉಪಗ್ರಹಗಳ ಜೋಡಣೆ 23 ಗಂಟೆ 56 ನಿಮಿಷಕ್ಕೆ ಮರುಕಳಿಸುತ್ತದೆ. ಇಂದು ಬೆಳಿಗ್ಗೆ 10ಕ್ಕೆ ಇದ್ದ ಆಕಾಶ ನಾಳೆ 9:56ಕ್ಕೆ ಮತ್ತೆ ಹಾಗೇ ಇರುತ್ತದೆ, ಗೋಡೆಯೂ ಅಲ್ಲೇ ಇರುತ್ತದೆ, ಪ್ರತಿಫಲನವೂ ಅದೇ. ಎರಡು ದಿನವೂ ಒಂದೇ ಉತ್ತರ ಬಂತೆಂದು ಖುಷಿಪಟ್ಟರೆ ಅದು ಒಂದೇ ತಪ್ಪು ಎರಡು ಸಲ ಬಂದದ್ದಿರಬಹುದು. ಗೆಲಿಲಿಯೊದ ಮರುಕಳಿಕೆ 10 ದಿನ, ಗ್ಲೋನಾಸ್‌ದು 8 ದಿನ, ಹಾಗಾಗಿ ಅವು ಸೇರಿದಾಗ ತಪ್ಪು ಸ್ವಲ್ಪ ಬೇರೆಯಾಗುತ್ತದೆ; ಆದರೂ ನಾಳೆ ಬರುವುದಾದರೆ ಮಧ್ಯಾಹ್ನವೇ ಬನ್ನಿ. ಯಾವ ಹೊತ್ತಿನಲ್ಲಿ ಉಪಗ್ರಹಗಳು ರಸ್ತೆಯ ಉದ್ದಕ್ಕೂ ನೆತ್ತಿಯ ಮೇಲೂ ಹೆಚ್ಚಿವೆ ಎಂಬುದನ್ನು ಟ್ರಿಂಬಲ್‌ನ ಆನ್‌ಲೈನ್ ಪ್ಲಾನಿಂಗ್ ಪುಟದಲ್ಲಿ ಮೊದಲೇ ನೋಡಿಕೊಳ್ಳಬಹುದು.

ವಾಲಿಸಿ ಅಳೆಯುವ ಐಎಂಯು (ವಾಲಿಕೆ ಅಳೆಯುವ ಸಂವೇದಕ) ಇರುವ ರೋವರ್ ಇದ್ದರೆ ಗೋಡೆಯ ಮೂಲೆಗೆ ತುದಿ ಇಟ್ಟು ಆಂಟೆನಾವನ್ನು ಹೊರಕ್ಕೆ ವಾಲಿಸಬಹುದು. 2 ಮೀಟರ್ ಪೋಲನ್ನು 30 ಡಿಗ್ರಿ ವಾಲಿಸಿದರೆ ಆಂಟೆನಾ ಗೋಡೆಯಿಂದ 1 ಮೀಟರ್ ದೂರವಾಗುತ್ತದೆ. ಆಕಾಶ ಸ್ವಲ್ಪ ತೆರೆಯುತ್ತದೆ ಅಷ್ಟೇ, ಗೋಡೆಯ ಪ್ರತಿಫಲನ ಎಲ್ಲಿಗೂ ಹೋಗುವುದಿಲ್ಲ.

ಬೇಸ್ ನಿಮ್ಮದೇ ಆದರೆ ಅದರ ಜಾಗಕ್ಕೆ ರೋವರ್‌ಗಿಂತ ಹೆಚ್ಚು ಗಮನ ಬೇಕು. ಬೇಸಿನ ಮಲ್ಟಿಪಾತ್ ಅದನ್ನು ಬಳಸುವ ಎಲ್ಲ ಪಾಯಿಂಟ್‌ಗಳಿಗೂ ಹೋಗುತ್ತದೆ. ತಾರಸಿಯ ಮೇಲೆ ಲಿಫ್ಟ್ ರೂಮು, ಸೋಲಾರ್ ಹೀಟರ್, ಟ್ಯಾಂಕ್‌ಗಳಿಂದ ದೂರ, ಪ್ಯಾರಾಪೆಟ್‌ಗಿಂತ ಮೇಲೆ ಇರಲಿ. ಚೋಕ್ ರಿಂಗ್ (ಸುತ್ತ ಲೋಹದ ಬಳೆಗಳಿರುವ) ಆಂಟೆನಾ, ಇಲ್ಲದಿದ್ದರೆ ಅಗಲವಾದ ಗ್ರೌಂಡ್ ಪ್ಲೇನ್ (ಕೆಳಗೆ ಲೋಹದ ತಟ್ಟೆ) ಇದ್ದದ್ದು ನೆಲದ ಕಡೆಯಿಂದ ಬರುವ ಪ್ರತಿಫಲನವನ್ನು ಚೆನ್ನಾಗಿ ತಡೆಯುತ್ತದೆ. ಆಂಟೆನಾಕ್ಕಿಂತ ಎತ್ತರದ ಪಕ್ಕದ ಕಟ್ಟಡದಿಂದ ಬರುವುದರ ಮೇಲೆ ಅದರ ಆಟ ನಡೆಯುವುದಿಲ್ಲ.

ಆಫೀಸಿಗೆ ಬಂದ ಮೇಲೆ

ಕಚ್ಚಾ ಅಳತೆ ಉಳಿಸಿಕೊಂಡಿದ್ದರೆ ಮಲ್ಟಿಪಾತ್ ಎಷ್ಟಿತ್ತು ಎಂಬುದನ್ನು ಸಂಖ್ಯೆಯಲ್ಲೇ ನೋಡಬಹುದು. ಎಲ್1, ಎಲ್2 ಎರಡೂ ಇರುವ ಜಿಪಿಎಸ್ ಉಪಗ್ರಹಕ್ಕೆ, ವಾಹಕ ಅಲೆಯ ಅಳತೆಯನ್ನು ಮೀಟರ್‌ಗೆ ಪರಿವರ್ತಿಸಿಕೊಂಡು,

ಎಂಪಿ1 = ಪಿ1 − 4.09 × ಎಲ್1 + 3.09 × ಎಲ್2

ಪಿ1 ಕೋಡ್ ದೂರ. ಈ ಸಂಯೋಜನೆಯಲ್ಲಿ ದೂರ, ಗಡಿಯಾರ, ಅಯಾನುಗೋಳ ಎಲ್ಲ ಕಳೆದುಹೋಗಿ ಕೋಡಿನ ಮಲ್ಟಿಪಾತ್, ನಾಯ್ಸ್ ಮತ್ತು ಒಂದು ಸ್ಥಿರ ಸಂಖ್ಯೆ ಉಳಿಯುತ್ತವೆ. ಸೈಕಲ್ ಸ್ಲಿಪ್ (ತರಂಗಗಳ ಎಣಿಕೆ ತಪ್ಪುವುದು) ಇಲ್ಲದ ತುಣುಕಿನ ಸರಾಸರಿ ಕಳೆದರೆ ಆ ಸ್ಥಿರ ಸಂಖ್ಯೆಯೂ ಹೋಗುತ್ತದೆ. ಎಲ್1, ಎಲ್5 ಜೋಡಿಗೆ ಗುಣಕಗಳು 3.52 ಮತ್ತು 2.52. ಕೈಯಲ್ಲಿ ಮಾಡಬೇಕಿಲ್ಲ, ಆರ್‌ಟಿಕೆಲಿಬ್‌ನ ಆರ್‌ಟಿಕೆಪ್ಲಾಟ್‌ನಲ್ಲಿ ಎಸ್‌ಎನ್‌ಆರ್ (ಸಿಗ್ನಲ್ ಬಲ), ಎಂಪಿ, ಎತ್ತರ ಕೋನ ಒಟ್ಟಿಗೆ ಕಾಣುವ ನೋಟವೇ ಇದೆ. ಒಳ್ಳೆಯ ಜಾಗದಲ್ಲಿ ಎಂಪಿ1ರ ಏರಿಳಿತ ಅರ್ಧ ಮೀಟರ್ ಒಳಗಿರುತ್ತದೆ. ಒಂದು ಉಪಗ್ರಹ ಮಾತ್ರ ಎರಡು ಮೂರು ಮೀಟರ್ ತೂಗಾಡುತ್ತಿದ್ದರೆ ಅದನ್ನು ಬಿಟ್ಟು ಮತ್ತೆ ಲೆಕ್ಕ ಹಾಕಿ. ಎಲ್ಲವೂ ತೂಗಾಡುತ್ತಿದ್ದರೆ ಆ ಜಾಗಕ್ಕೆ ಜಿಪಿಎಸ್ ಆಸೆ ಬಿಡಿ. ನೇರ ದಾರಿಯೇ ಇಲ್ಲದ ಉಪಗ್ರಹ ಮಾತ್ರ ಈ ಲೆಕ್ಕಕ್ಕೆ ಸಿಗದೆ ಹೋಗಬಹುದು: ಕೋಡೂ ವಾಹಕ ಅಲೆಯೂ ಒಟ್ಟಿಗೆ ಸುತ್ತಿ ಬಂದಿರುವುದರಿಂದ ಅವುಗಳ ವ್ಯತ್ಯಾಸದಲ್ಲಿ ಏನೂ ಕಾಣುವುದಿಲ್ಲ. ಅದಕ್ಕೇ ಬರೆದುಕೊಂಡ ಕೋನಗಳು ಬೇಕು.

ಬರೀ ಫೋನ್ ಇದ್ದರೆ

ಉಪಗ್ರಹದ ಸಿಗ್ನಲ್ ಬಲಕ್ಕೆ ಸುತ್ತುತ್ತಾ ಬರುತ್ತದೆ, ಒಮ್ಮೆ ಪ್ರತಿಫಲಿಸಿದರೆ ಬಹುಪಾಲು ಎಡಕ್ಕೆ ತಿರುಗುತ್ತದೆ. ಸರ್ವೆ ಆಂಟೆನಾ ಎಡದ್ದನ್ನು ದೂರವಿಡುತ್ತದೆ. ಫೋನಿನ ಆಂಟೆನಾಕ್ಕೆ ಆ ಭೇದ ಗೊತ್ತಿಲ್ಲ, ಎರಡನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಫೋನಿನಲ್ಲಿ ಗಡಿ ಅಳೆಯುವ ಯೋಚನೆ ಬೇಡ. ಆಸ್ತಿಯ ಜಾಗ ಗುರುತಿಸುವಂಥ ಕೆಲಸಕ್ಕೆ, ಜಿಪಿಎಸ್‌ಟೆಸ್ಟ್ ಆ್ಯಪ್‌ನಲ್ಲಿ ಎಲ್5 ಬರುತ್ತಿದೆಯೇ ನೋಡಿ. ಡೆವಲಪರ್ ಆಯ್ಕೆಗಳಲ್ಲಿ ಪೂರ್ಣ ಜಿಎನ್‌ಎಸ್‌ಎಸ್ (ಜಿಪಿಎಸ್‌ನಂಥ ಎಲ್ಲ ಉಪಗ್ರಹ ವ್ಯವಸ್ಥೆಗಳ) ಅಳತೆ ಕಡ್ಡಾಯ ಮಾಡುವ ಸ್ವಿಚ್ ಆನ್ ಮಾಡಿ. ವೈಫೈ ಸ್ಕ್ಯಾನಿಂಗ್ ಆನ್ ಇರಲಿ. ಗೋಡೆಗೆ ಒರಗದೆ ರಸ್ತೆಗಳು ಕೂಡುವ ಮೂಲೆಗೆ ನಡೆಯಿರಿ, ಅಲ್ಲಿ ನಾಲ್ಕು ದಿಕ್ಕು ತೆರೆದಿರುತ್ತದೆ.

ಆಗದ ಕಡೆ ಟೋಟಲ್ ಸ್ಟೇಷನ್

ಮೇಲ್ಸೇತುವೆಯ ಕೆಳಗೆ, 6 ಮೀಟರ್ ಗಲ್ಲಿಯಲ್ಲಿ ರೋವರ್ ಜೊತೆ ಗುದ್ದಾಡುವುದು ಸಮಯ ದಂಡ. ಹತ್ತಿರದ ಮೈದಾನ, ದೊಡ್ಡ ವೃತ್ತ ಅಥವಾ ತೆರೆದ ತಾರಸಿಯಲ್ಲಿ ಮೂರು ಪಾಯಿಂಟ್ ಮೇಲಿನ ಕ್ರಮದಲ್ಲಿ ಹಾಕಿ, ಅಲ್ಲಿಂದ ಟೋಟಲ್ ಸ್ಟೇಷನ್‌ನಲ್ಲಿ (ಕೋನ, ದೂರ ಎರಡನ್ನೂ ಅಳೆಯುವ ಉಪಕರಣ) ಅಳೆಯುತ್ತಾ ಒಳಗೆ ಬನ್ನಿ.

ಬ್ಯಾಕ್‌ಸೈಟ್, ಅಂದರೆ ದಿಕ್ಕು ಹಿಡಿಯಲು ನೋಡುವ ಗೊತ್ತಿರುವ ಪಾಯಿಂಟ್‌ನ ದೂರ, ಯಾವಾಗಲೂ ಮುಂದಿನ ಅಳತೆಗಿಂತ ಉದ್ದವಿರಬೇಕು. ಬ್ಯಾಕ್‌ಸೈಟ್ 15 ಮೀಟರ್, ಆ ಪಾಯಿಂಟ್‌ನಲ್ಲಿ 2 ಸೆಂ.ಮೀ. ಅಡ್ಡ ತಪ್ಪು ಇದ್ದರೆ 30 ಮೀಟರ್ ಮುಂದಿನ ಮೂಲೆ 4 ಸೆಂ.ಮೀ. ಸರಿಯುತ್ತದೆ. ಅದೇ ಬ್ಯಾಕ್‌ಸೈಟ್ 150 ಮೀಟರ್ ಇದ್ದರೆ 4 ಮಿ.ಮೀ. ಮೂರನೇ ಪಾಯಿಂಟ್ ಪರೀಕ್ಷೆಗೆ: ಅದಕ್ಕೆ ಟೋಟಲ್ ಸ್ಟೇಷನ್ ಅಳೆದ ದೂರವನ್ನು ಕೋಆರ್ಡಿನೇಟ್‌ಗಳಿಂದ ಬರುವ ದೂರದ ಜೊತೆ ಹೋಲಿಸಿ.

ಹೋಲಿಸುವಾಗ ಯುಟಿಎಂನ (ಭೂಮಿಯನ್ನು ಸಮತಟ್ಟಾದ ಚೌಕುಳಿ ಗ್ರಿಡ್‌ಗೆ ಇಳಿಸುವ ವಿಧಾನ) ಸ್ಕೇಲ್ ಮರೆಯಬೇಡಿ. ಬೆಂಗಳೂರು 43ನೇ ವಲಯದಲ್ಲಿದೆ, ಮಧ್ಯ ರೇಖಾಂಶ 75 ಡಿಗ್ರಿ, ನಗರ ಅದರಿಂದ ಎರಡೂವರೆ ಡಿಗ್ರಿಗೂ ಹೆಚ್ಚು ಪೂರ್ವಕ್ಕೆ. ಸ್ಕೇಲ್ ಮತ್ತು ನಗರದ ಎತ್ತರ ಎರಡನ್ನೂ ಸೇರಿಸಿದರೆ ನೆಲದ ಮೇಲಿನ 100 ಮೀಟರ್ ಗ್ರಿಡ್‌ನಲ್ಲಿ ಸುಮಾರು 100.045 ಮೀಟರ್ ಆಗುತ್ತದೆ. ಈ 4.5 ಸೆಂ.ಮೀ. ಮಲ್ಟಿಪಾತ್ ಅಲ್ಲ. ದೂರ ಹೆಚ್ಚಿದಂತೆ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ, ಎಲ್ಲ ದಿಕ್ಕಿಗೂ ಒಂದೇ ರೀತಿ ಇರುತ್ತದೆ. ಉಪಕರಣದಲ್ಲಿ ಸ್ಕೇಲ್ ಫ್ಯಾಕ್ಟರ್ 1.00045 ಕೊಟ್ಟರೆ ಹೋಗುತ್ತದೆ. ಅದನ್ನು ಕಳೆದ ಮೇಲೂ ಉಳಿದ ವ್ಯತ್ಯಾಸ 2 ಸೆಂ.ಮೀ. ಮೀರಿದರೆ ಮೂರರಲ್ಲಿ ಯಾವ ಪಾಯಿಂಟ್ ಕೆಟ್ಟಿದೆ ಎಂದು ಮೂರೂ ದೂರಗಳಿಂದ ಹುಡುಕಿ, ಅದೊಂದನ್ನು ಬೇರೆ ಹೊತ್ತಿನಲ್ಲಿ ಮತ್ತೆ ಅಳೆಯಿರಿ.